ಸವೆದ ಬ್ರೇಕ್ ಪ್ಯಾಡ್: ಗುರುತಿಸುವ ಬಗೆ, ಮನೆಯಲ್ಲೇ ಬದಲಾಯಿಸುವ ಕ್ರಮ



ಪಂಪ್‌ಸೆಟ್ಟಿನ ವಾಷರ್ ಹೋದರೆ ನಾವೇ ಬದಲಾಯಿಸುತ್ತೇವೆ. ಸ್ಪ್ರೇಯರಿನ ನಾಜಲ್ ಕಟ್ಟಿಕೊಂಡರೆ ಗದ್ದೆಯ ಬದುವಿನಲ್ಲಿ ಕುಳಿತು ಬಿಚ್ಚಿ ತೊಳೆಯುತ್ತೇವೆ. ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವ ಕಾರಿನ ಬ್ರೇಕನ್ನು ಮಾತ್ರ ವರ್ಷಾನುಗಟ್ಟಲೆ ಬಗ್ಗಿ ನೋಡುವುದಿಲ್ಲ. ಈ ಲೋಪ ನಮ್ಮಲ್ಲೂ ಇತ್ತು. ಅದು ತಿದ್ದಿಕೊಂಡ ಬಗೆಯನ್ನು ಹೇಳಿ, ಬಳಿಕ ಪಾಠಕ್ಕೆ ಬರುತ್ತೇವೆ.

ಕಣಗಲಾದಲ್ಲಿ ಕಲಿತ ಪಾಠ

ನಾವು ನಾಲ್ವರು ಸದಸ್ಯರು ಬೆಳಗಾವಿ ಜಿಲ್ಲೆಯ ಸಹಕಾರಿ ಸಂಸ್ಥೆಗಳನ್ನು ನೋಡಿಬರಲು ಒಂದು ಸಣ್ಣ ಕಾರಿನಲ್ಲಿ ಹೊರಟಿದ್ದೆವು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನೂ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನೂ ನೋಡಿ, ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಕೊಲ್ಹಾಪುರದ ಕಡೆ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೆವು.

ಮನೆಯಿಂದ ಹೊರಟಾಗಿನಿಂದಲೇ ಬ್ರೇಕ್ ಒತ್ತಿದಾಗ ಮುಂದಿನ ಎಡ ಚಕ್ರದಲ್ಲಿ ಕೀರಲು ಸದ್ದು ಇತ್ತು. ಹುಕ್ಕೇರಿಯಲ್ಲಿ ನಿಲ್ಲಿಸಿ, ಚಕ್ರದ ರಿಮ್ಮಿನ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದೆವು. ಹೊರಮೈಯ ಪ್ಯಾಡ್ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಧೂಳು ಸೇರಿರಬೇಕೆಂದು ತೀರ್ಮಾನಿಸಿ ಮುಂದೆ ನಡೆದೆವು. ಸಂಕೇಶ್ವರ ದಾಟಿ, ಲೇಟೆಕ್ಸ್ ಕಾರ್ಖಾನೆ ಇರುವ ಕಣಗಲಾ ಹತ್ತಿರವಾಗುವ ಹೊತ್ತಿಗೆ ಕೀರಲು ಹೋಗಿ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಕರಕರ ಸದ್ದು ಬಂತು. ರಸ್ತೆ ಬದಿಯ ಒಂದು ಸಣ್ಣ ಗ್ಯಾರೇಜಿನ ಮುಂದೆ ನಿಲ್ಲಿಸಿದೆವು.

ಮೇಸ್ತ್ರಿ ಚಕ್ರ ಬಿಚ್ಚಿ, ಕ್ಯಾಲಿಪರ್ ಎತ್ತಿ, ಒಳಗಿನ ಪ್ಯಾಡನ್ನು ನಮ್ಮ ಕೈಯಲ್ಲಿಟ್ಟರು. ಅದರಲ್ಲಿ ಲೈನಿಂಗ್ ಎಂಬುದೇ ಇರಲಿಲ್ಲ. ಬರಿಯ ಕಬ್ಬಿಣದ ತಗಡು ಹೊಳೆಯುತ್ತಿತ್ತು. ಸಂದಿಯಿಂದ ನೋಡಿದ್ದೇವಲ್ಲ ಎಂದು ನಾವು ಹೇಳಿದ್ದಕ್ಕೆ ಅವರು, “ಹೊರಗಿಂದು ನೋಡೀರಿ, ಒಳಗಿಂದು ಯಾರ್ ನೋಡಬೇಕ್ರಿ? ಮುಂದ ತವಂದಿ ಘಟ್ಟ ಐತ್ರಿ ಯಜಮಾನ್ರ, ಹಿಂದ ಮುಂದ ಲೋಡ್ ಗಾಡಿ ಇರ್ತಾವು” ಎಂದರು. ನಮಗೆ ಉತ್ತರವಿರಲಿಲ್ಲ.

ಕಣಗಲಾದಿಂದ ನಿಪ್ಪಾಣಿಗೆ ಹೋಗುವವರು ಸ್ತವನಿಧಿಯ ಬಳಿ ಈ ತವಂದಿ ಘಟ್ಟವನ್ನು ಇಳಿಯಲೇಬೇಕು. ನಮ್ಮ ಆಗುಂಬೆ, ಚಾರ್ಮಾಡಿಗಳ ಮುಂದೆ ಅದು ಚಿಕ್ಕದೇ. ಆದರೆ ಪ್ಯಾಡಿಲ್ಲದ ಕಾರಿಗೆ ಚಿಕ್ಕ ಘಟ್ಟವೂ ಒಂದೇ, ದೊಡ್ಡ ಘಟ್ಟವೂ ಒಂದೇ. ಸಂಕೇಶ್ವರದಿಂದ ಹೊಸ ಪ್ಯಾಡ್ ತರಿಸಿ, ಎಡ ಚಕ್ರದ ಕೆಲಸವನ್ನು ಮೇಸ್ತ್ರಿ ಮಾಡಿ ತೋರಿಸಿದರು. ಬಲ ಚಕ್ರದ ಕೆಲಸವನ್ನು ಅವರ ಕಣ್ಣೆದುರಿಗೆ ನಾವೇ ಮಾಡಿದೆವು. ಊರಿಗೆ ಬಂದ ಮೇಲೆ ಬೇರೆ ಸದಸ್ಯರ ಮೂರು ವಾಹನಗಳಿಗೂ ಮಾಡಿದ್ದೇವೆ. ಈ ಪಾಠ ಅದೇ ಅನುಭವದಿಂದ ಬಂದದ್ದು.

ಪ್ಯಾಡ್ ಮಾಡುವ ಕೆಲಸವೇನು?

ಎತ್ತಿನ ಗಾಡಿ ಇಳಿಜಾರಿಗೆ ಬಂದಾಗ ಚಕ್ರದ ಪಟ್ಟಿಗೆ ಮರದ ತುಂಡು ಒತ್ತಿ ಬಿರಿ ಹಾಕುತ್ತಿದ್ದುದನ್ನು ಹಿರಿಯರು ಕಂಡಿದ್ದೀರಿ. ಕಾರಿನ ಬ್ರೇಕಿನ ಮೂಲ ತತ್ವವೂ ಅದೇ. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಎಂಬವರು ಕುದುರೆ ಗಾಡಿಗಳ ಇಂಥದೇ ಬ್ರೇಕನ್ನು ಸುಧಾರಿಸಲು ಹೊರಟು, 1897ರಲ್ಲಿ ಬ್ರೇಕ್ ಲೈನಿಂಗ್ ತಯಾರಿಸುವ ಉದ್ಯಮ ಆರಂಭಿಸಿದರು. ಅದೇ ದೇಶದ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ನಮ್ಮಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಬಹುಪಾಲು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಇತ್ತು. ಇಂದಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್ ಇರುತ್ತವೆ. ಈ ಪಾಠ ಮುಂದಿನ ಡಿಸ್ಕಿಗೆ ಮಾತ್ರ ಸಂಬಂಧಿಸಿದ್ದು.

ಚಕ್ರದ ಜೊತೆಗೆ ತಿರುಗುವ ಕಬ್ಬಿಣದ ಬಿಲ್ಲೆಯೇ ಡಿಸ್ಕ್. ಅದರ ಎರಡು ಮಗ್ಗುಲಲ್ಲಿ ಎರಡು ಪ್ಯಾಡ್‌ಗಳು. ಎರಡನ್ನೂ ಹಿಡಿದಿರುವ ಕಬ್ಬಿಣದ ಹಿಡಿಯೇ ಕ್ಯಾಲಿಪರ್. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಒತ್ತಡದಿಂದ ಕ್ಯಾಲಿಪರಿನೊಳಗಿನ ಪಿಸ್ಟನ್ ಮುಂದೆ ಬಂದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಅದುಮುತ್ತದೆ. ಆಗ ಕ್ಯಾಲಿಪರ್ ಎರಡು ಗೈಡ್ ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಅದುಮುತ್ತದೆ. ಈ ಪಿನ್ನುಗಳು ತುಕ್ಕು ಹಿಡಿದು ಬಿಗಿದುಕೊಂಡರೆ ಕ್ಯಾಲಿಪರ್ ಜಾರುವುದಿಲ್ಲ. ಆಗ ಒಳಗಿನ ಪ್ಯಾಡ್ ಒಂದೇ ದುಡಿದು ಸವೆಯುತ್ತದೆ; ಹೊರಗಿನದು ಹೊಸದರಂತೆ ಉಳಿಯುತ್ತದೆ. ನಮ್ಮ ಕಾರಿಗೆ ಆದದ್ದು ಇದೇ. ಮಳೆಗಾಲದಲ್ಲಿ ಕೆಸರು ರಸ್ತೆಯಲ್ಲಿ ಓಡಿ, ತೊಳೆಯದೆ ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಮಲೆನಾಡಿನ ವಾಹನಗಳಿಗೆ ಈ ರೋಗ ಬೇಗ ತಗಲುತ್ತದೆ.

ಘಟ್ಟದಲ್ಲಿ ಬ್ರೇಕಿಗೆ ಬೀಳುವ ಹೊರೆಗೂ ಒಂದು ಲೆಕ್ಕವಿದೆ. 1,000 ಕಿಲೋ ತೂಕದ ಕಾರು ವೇಗ ಹೆಚ್ಚಿಸದೆ 100 ಮೀಟರ್ ಎತ್ತರ ಇಳಿದರೆ ಹುಟ್ಟುವ ಶಾಖದಿಂದ ಸುಮಾರು 3 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. 500 ಮೀಟರ್ ಇಳಿದರೆ 15 ಲೀಟರ್. ನ್ಯೂಟ್ರಲ್‌ನಲ್ಲಿ ಇಳಿದರೆ ಈ ಶಾಖದ ಬಹುಪಾಲನ್ನು ಪ್ಯಾಡು, ಡಿಸ್ಕುಗಳೇ ನುಂಗಬೇಕು. ಎರಡನೇ ಗೇರಿನಲ್ಲಿ ಇಳಿದರೆ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ.

ಸವೆತದ ಗುರುತುಗಳು

1. ಬ್ರೇಕ್ ಒತ್ತಿದಾಗ ಕೀರಲು ಸದ್ದು. ಹಲವು ಪ್ಯಾಡ್‌ಗಳಲ್ಲಿ ಸವೆತ ತಿಳಿಸಲೆಂದೇ ತಗಡಿನ ಸಣ್ಣ ನಾಲಗೆ ಇರುತ್ತದೆ. ಅದು ಡಿಸ್ಕಿಗೆ ತಾಗಿ ಕೂಗುತ್ತದೆ.
2. ಕರಕರ ಸದ್ದು. ಲೈನಿಂಗ್ ಮುಗಿದಿದೆ ಎಂದರ್ಥ. ವಾಹನ ಮುಂದೆ ಒಯ್ಯಬಾರದು.
3. ಬ್ರೇಕ್ ಒತ್ತಿದಾಗ ವಾಹನ ಒಂದು ಮಗ್ಗುಲಿಗೆ ಎಳೆಯುವುದು.
4. ಸೋರಿಕೆ ಇಲ್ಲದೆಯೇ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮಟ್ಟ ನಿಧಾನವಾಗಿ ಇಳಿಯುವುದು. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಬರುವುದರಿಂದ ಹೀಗಾಗುತ್ತದೆ.

ಹೊಸ ಪ್ಯಾಡಿನ ಲೈನಿಂಗ್ ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸು ದಪ್ಪವಿರುತ್ತದೆ. ಹಿಂಬದಿಯ ತಗಡನ್ನು ಬಿಟ್ಟು ಲೈನಿಂಗ್ ಮಾತ್ರ ಅಳೆದಾಗ 3 ಮಿಲಿಮೀಟರಿಗೆ ಇಳಿದಿದ್ದರೆ ಬದಲಾಯಿಸತಕ್ಕದ್ದು. ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮುಂಚೆ ಹಾಗೂ ಕೊಯ್ಲಿಗೆ ಮುಂಚೆ, ಚಕ್ರ ಬಿಚ್ಚಿಯೇ ಎರಡೂ ಪ್ಯಾಡ್ ನೋಡಬೇಕು.

ಬೇಕಾಗುವ ಸಾಮಾನುಗಳು

ಜ್ಯಾಕ್, ಎರಡು ಉಕ್ಕಿನ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಮರದ ಬೆಣೆ, ವೀಲ್ ಸ್ಪ್ಯಾನರ್, ನಿಮ್ಮ ವಾಹನದ ಬೋಲ್ಟಿಗೆ ಹೊಂದುವ ರಿಂಗ್ ಅಥವಾ ಬಾಕ್ಸ್ ಸ್ಪ್ಯಾನರ್, ಸಿ-ಕ್ಲ್ಯಾಂಪ್, ಒಂದು ಮೊಳ ತಂತಿ, ತಂತಿ ಬ್ರಶ್, ಬ್ರೇಕ್ ಕ್ಲೀನರ್, ಬ್ರೇಕ್ ಪಿನ್ನುಗಳಿಗೆಂದೇ ಬರುವ ಶಾಖ ತಡೆಯುವ ಗ್ರೀಸ್, ಮುಖಕ್ಕೆ ಮಾಸ್ಕ್. ಪ್ಯಾಡನ್ನು ಎರಡೂ ಚಕ್ರಕ್ಕೆ ಸೇರಿ ನಾಲ್ಕರ ಸೆಟ್ಟಾಗಿಯೇ ಕೊಳ್ಳಬೇಕು. ಒಂದು ಚಕ್ರಕ್ಕೆ ಮಾತ್ರ ಹೊಸದು ಹಾಕಿದರೆ ವಾಹನ ಎಳೆಯುತ್ತದೆ.

ಜಾಗದ ವಿಷಯ. ಸಮತಟ್ಟಾದ ಗಟ್ಟಿ ನೆಲ ಬೇಕು. ಕಾಫಿ ಕಣವೋ ಅಡಿಕೆ ಒಣಗಿಸುವ ಅಂಗಳವೋ ಸಮತಟ್ಟಾಗಿದೆಯೆಂದು ಅಲ್ಲಿ ಈ ಕೆಲಸ ಮಾಡಬಾರದು. ಗ್ರೀಸು, ಬ್ರೇಕ್ ಆಯಿಲ್ ಚೆಲ್ಲಿದ ನೆಲದ ವಾಸನೆಯನ್ನು ಕಾಫಿ ಹೀರಿಕೊಳ್ಳುತ್ತದೆ. ಶೆಡ್ಡಿನ ನೆಲವೇ ಸರಿ.

ಕೆಲಸದ ಕ್ರಮ

1. ವಾಹನ ತಣ್ಣಗಾಗಿರಲಿ. ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಗಳಿಗೆ ಬೆಣೆ ಕೊಡಿ. ಮುಂದಿನ ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ.

2. ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೆ ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಟ್ಟು ಭಾರವನ್ನು ಅದರ ಮೇಲೆ ಇಳಿಸಿ. ಬರಿಯ ಜ್ಯಾಕನ್ನು ನಂಬಿ ಕೆಲಸ ಮಾಡಬಾರದು. ಜಂಬಿಟ್ಟಿಗೆ ಕಲ್ಲು, ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕುಗಳನ್ನು ಎಂದಿಗೂ ಆಸರೆಗೆ ಇಡಬಾರದು. ಮನೆಯ ಭಾರ ಹೊರುವ ಕಲ್ಲು ಒಂದೇ ಬಿಂದುವಿನ ಭಾರಕ್ಕೆ ಮುನ್ಸೂಚನೆ ಕೊಡದೆ ಸಿಡಿಯುತ್ತದೆ. ಬಿಚ್ಚಿದ ಚಕ್ರವನ್ನು ವಾಹನದ ಅಡಿಗೆ ತಳ್ಳಿಟ್ಟರೆ ಇನ್ನೊಂದು ರಕ್ಷಣೆ.

3. ಒಂದು ಸಲಕ್ಕೆ ಒಂದೇ ಚಕ್ರ. ಇನ್ನೊಂದು ಬದಿಯದು ಹಾಗೇ ಇದ್ದರೆ ಯಾವ ಕ್ಲಿಪ್ ಎಲ್ಲಿತ್ತೆಂದು ನೋಡಿಕೊಳ್ಳಲು ಮಾದರಿಯಾಗುತ್ತದೆ.

4. ಕ್ಯಾಲಿಪರಿನ ಹಿಂಭಾಗದಲ್ಲಿ ಗೈಡ್ ಪಿನ್ನಿನ ಬೋಲ್ಟುಗಳು ಎರಡು. ಹಲವು ವಾಹನಗಳಲ್ಲಿ ಕೆಳಗಿನದನ್ನು ಮಾತ್ರ ಬಿಚ್ಚಿದರೆ ಕ್ಯಾಲಿಪರ್ ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೆ ತಿರುಗುತ್ತದೆ. ಎರಡನ್ನೂ ಬಿಚ್ಚಬೇಕಾದಲ್ಲಿ ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿ. ರಬ್ಬರ್ ಹೋಸಿನ ಮೇಲೆ ಜೋತು ಬೀಳಲು ಬಿಡಬೇಡಿ; ಒಳಗೆ ಹರಿದ ಹೋಸ್ ಹೊರಗೆ ಕಾಣಿಸುವುದಿಲ್ಲ. ಈ ಹೊತ್ತಿನಲ್ಲಿ ಯಾರೂ ಪೆಡಲ್ ಒತ್ತದಂತೆ ಮಕ್ಕಳನ್ನು ಕಾರಿನಿಂದ ದೂರವಿಡಿ. ಒತ್ತಿದರೆ ಪಿಸ್ಟನ್ ಹೊರಗೆ ಬೀಳುತ್ತದೆ.

5. ಹಳೆಯ ಪ್ಯಾಡ್ ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಈ ಪಾಠದ ಮುಖ್ಯ ಭಾಗವೇ ಇದು. ಎರಡೂ ಸಮವಾಗಿ ಸವೆದಿದ್ದರೆ ಎಲ್ಲವೂ ಸರಿ. ಒಳಗಿನದು ಬಹಳ ಸವೆದು ಹೊರಗಿನದು ಉಳಿದಿದ್ದರೆ ಗೈಡ್ ಪಿನ್ ಅಥವಾ ಪಿಸ್ಟನ್ ಬಿಗಿದಿದೆ. ಒಂದೇ ಪ್ಯಾಡ್ ಬೆಣೆಯಂತೆ ಓರೆಯಾಗಿ ಸವೆದಿದ್ದರೆ ಒಂದು ಪಿನ್ ಹಿಡಿದುಕೊಂಡಿರಬಹುದು. ಕಾರಣ ತಿಳಿಯದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ. ಬೇರಿಗೆ ಬಂದ ರೋಗಕ್ಕೆ ಎಲೆಗೆ ಔಷಧಿ ಹೊಡೆದಂತೆ.

6. ಡಿಸ್ಕ್ ಪರೀಕ್ಷಿಸಿ. ಬಿರುಕು, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು, ಸುಟ್ಟ ನೀಲಿ ಬಣ್ಣ ಇವೆಯೇ ನೋಡಿ. ಇರಬೇಕಾದ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಡಿಸ್ಕನ್ನೂ ಬದಲಾಯಿಸಬೇಕು.

7. ಶುಚಿ ಮಾಡುವಾಗ ಎಚ್ಚರ. ಧೂಳನ್ನು ಬಾಯಿಂದ ಊದುವುದು, ಏರ್ ಕಂಪ್ರೆಸರ್ ಬಿಡುವುದು, ತೋಟದ ಬ್ಲೋವರ್ ಹಿಡಿಯುವುದು ಕೂಡದು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಕಟ್ಟಿ, ಬ್ರೇಕ್ ಕ್ಲೀನರಿನಿಂದ ಒದ್ದೆ ಮಾಡಿ, ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಬಳಸಬಾರದು. ಅವು ಬ್ರೇಕಿನ ರಬ್ಬರನ್ನು ಊದಿಸಿ ಕೆಡಿಸುತ್ತವೆ.

8. ಗೈಡ್ ಪಿನ್ನುಗಳನ್ನು ಎಳೆದು ತೆಗೆದು, ಹಳೆಯ ಗ್ರೀಸು ತುಕ್ಕು ತೆಗೆದು, ಹೊಸ ಗ್ರೀಸನ್ನು ತೆಳುವಾಗಿ ಸವರಿ. ಪಿನ್ ಕೈಯಿಂದಲೇ ಸಲೀಸಾಗಿ ಜಾರಬೇಕು. ರಬ್ಬರ್ ಟೋಪಿ ಹರಿದಿದ್ದರೆ ಬದಲಾಯಿಸಿ; ನೀರು ನುಗ್ಗುವುದು ಅಲ್ಲಿಂದಲೇ.

9. ಪಿಸ್ಟನ್ ಹಿಂದಕ್ಕೆ ತಳ್ಳಬೇಕು. ಮೊದಲು ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ. ಆಯಿಲ್ ಮೇಲಿನ ಗೆರೆಯವರೆಗೂ ಇದ್ದರೆ ಸಿರಿಂಜಿನಿಂದ ಸ್ವಲ್ಪ ತೆಗೆಯಿರಿ. ಹಳೆಯ ಪ್ಯಾಡನ್ನು ಪಿಸ್ಟನ್ ಮುಖಕ್ಕೆ ಅಡ್ಡ ಇಟ್ಟು ಸಿ-ಕ್ಲ್ಯಾಂಪನ್ನು ನಿಧಾನವಾಗಿ ತಿರುಗಿಸಿ. ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ. ಅದು ಪೇಂಟನ್ನು ತಿನ್ನುತ್ತದೆ. ಪಿಸ್ಟನ್ ಒಳಗೆ ಹೋಗದಿದ್ದರೆ ಜಬರದಸ್ತು ಮಾಡದೆ ವರ್ಕ್‌ಶಾಪಿಗೆ ಕೊಡಿ.

10. ಹೊಸ ಪ್ಯಾಡ್ ಕೂರಿಸಿ. ಸವೆತ ತಿಳಿಸುವ ನಾಲಗೆ ಇರುವ ಪ್ಯಾಡನ್ನು ಹಳೆಯದು ಇದ್ದ ಕಡೆಗೇ ಹಾಕಿ. ಲೈನಿಂಗ್ ಮುಖಕ್ಕಾಗಲಿ ಡಿಸ್ಕಿಗಾಗಲಿ ಗ್ರೀಸಿನ ಬೆರಳು ತಾಗಬಾರದು. ಲೈನಿಂಗ್ ಡಿಸ್ಕಿನ ಕಡೆಗೆ, ತಗಡು ಹೊರಕ್ಕೆ. ನಗಬೇಡಿ, ಅವಸರದಲ್ಲಿ ತಿರುವುಮುರುವು ಹಾಕಿದವರೂ ಇದ್ದಾರೆ.

11. ಕ್ಯಾಲಿಪರ್ ಇಳಿಸಿ ಬೋಲ್ಟ್ ಬಿಗಿ ಮಾಡಿ. ಚಕ್ರ ಹಾಕಿ, ನಟ್ಟುಗಳನ್ನು ಒಂದರ ಎದುರಿನದು ಎಂಬ ಕ್ರಮದಲ್ಲಿ ಬಿಗಿದು, ಸ್ಟ್ಯಾಂಡ್ ತೆಗೆದು ನೆಲಕ್ಕಿಳಿಸಿದ ಮೇಲೆ ಪೂರ್ತಿ ಬಿಗಿಯಿರಿ. ಸ್ಪ್ಯಾನರಿನ ಮೇಲೆ ಹತ್ತಿ ನಿಲ್ಲುವುದು ಬೇಡ. ಬಳಿಕ ಇನ್ನೊಂದು ಚಕ್ರ.

12. ಎಲ್ಲಕ್ಕಿಂತ ಮುಖ್ಯವಾದ ಹಂತ. ಎಂಜಿನ್ ಚಾಲೂ ಮಾಡುವ ಮುನ್ನ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ ಬಿಡಿ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒಂದೆರಡು ಒತ್ತಿಗೆ ಪೆಡಲ್ ನೆಲಕ್ಕೇ ಹೋಗುತ್ತದೆ. ಇದನ್ನು ಮರೆತು ಕಾರನ್ನು ಶೆಡ್ಡಿನಿಂದ ಹೊರತೆಗೆದರೆ ಬ್ರೇಕೇ ಇರುವುದಿಲ್ಲ. ಕಣಗಲಾದ ಮೇಸ್ತ್ರಿ ಈ ಮಾತನ್ನು ನಮ್ಮಿಂದ ಮೂರು ಸಲ ಹೇಳಿಸಿದರು. ಪೆಡಲ್ ಗಟ್ಟಿಯಾದ ಮೇಲೆ ಆಯಿಲ್ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ನೋಡಿ ಮುಚ್ಚಳ ಭದ್ರಪಡಿಸಿ.

ಹೊಸ ಪ್ಯಾಡ್ ಪಳಗಿಸುವುದು

ಮೊದಲು ಅಂಗಳದಲ್ಲೇ ನಡಿಗೆಯ ವೇಗದಲ್ಲಿ ನಾಲ್ಕಾರು ಸಲ ನಿಲ್ಲಿಸಿ ನೋಡಿ. ಬಳಿಕ ಜನಸಂಚಾರವಿಲ್ಲದ ಸಮ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಿಂದ 10ಕ್ಕೆ ಇಳಿಯುವಂತೆ 8–10 ಬಾರಿ ಮೆತ್ತಗೆ ಬ್ರೇಕ್ ಒತ್ತಿ. ನಡುನಡುವೆ ಅರ್ಧ ಕಿಲೋಮೀಟರ್ ಓಡಿಸಿ ತಣಿಯಲು ಬಿಡಿ. ಮೊದಲ 200 ಕಿಲೋಮೀಟರ್ ಅವಸರದ ಬ್ರೇಕ್, ಹೆಚ್ಚಿನ ಹೊರೆ, ಘಟ್ಟದ ಪ್ರಯಾಣ ಆದಷ್ಟು ತಪ್ಪಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ನಮಗೆ ಆ ದಿನ ಘಟ್ಟ ತಪ್ಪಿಸುವಂತಿರಲಿಲ್ಲ. ಸಂಕೇಶ್ವರದವರೆಗೆ ಹೋಗಿಬಂದು ಪ್ಯಾಡ್ ಪಳಗಿಸಿ, ಬಳಿಕ ತವಂದಿಯನ್ನು ಎರಡನೇ ಗೇರಿನಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಇಳಿದೆವು.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು

ಆಯಿಲ್ ಎಂದು ಕರೆದರೂ ಇದು ಎಂಜಿನ್ ಆಯಿಲಿನಂಥ ಎಣ್ಣೆಯಲ್ಲ. ಇದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿದ್ದಕ್ಕೆ ಆ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಇವು 230 ಮತ್ತು 155. ಘಟ್ಟದಲ್ಲಿ ಆಯಿಲ್ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಆದುದರಿಂದ ಮುಚ್ಚಳದ ಮೇಲೆ ಬರೆದ ದರ್ಜೆಯದನ್ನೇ, ಸೀಲ್ ಒಡೆಯದ ಡಬ್ಬಿಯಿಂದಲೇ ಹಾಕಿ. ಮಳೆ ಹೆಚ್ಚಿರುವ ನಮ್ಮ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿಸುವುದು ಕ್ಷೇಮ.

ಮನೆಯಲ್ಲಿ ಮಾಡಬಾರದ ಕೆಲಸಗಳು

ಆಯಿಲ್ ಸೋರುತ್ತಿದ್ದರೆ, ಎಷ್ಟು ಒತ್ತಿದರೂ ಪೆಡಲ್ ಸ್ಪಂಜಿನಂತಿದ್ದರೆ, ಎಬಿಎಸ್ ದೀಪ ಆರದಿದ್ದರೆ, ಡಿಸ್ಕ್ ಬಿರುಕು ಬಿಟ್ಟಿದ್ದರೆ ವಾಹನವನ್ನು ಓಡಿಸದೆ ಮೆಕ್ಯಾನಿಕನನ್ನೇ ಮನೆಗೆ ಕರೆಸಿ. ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕೆಲವು ಕಾರುಗಳಲ್ಲಿ ಪಿಸ್ಟನನ್ನು ತಿರುಗಿಸುತ್ತ ಒಳಗೆ ಕಳುಹಿಸಬೇಕಾಗುತ್ತದೆ; ಕ್ಲ್ಯಾಂಪಿನಿಂದ ಒತ್ತಿದರೆ ಮುರಿಯುತ್ತದೆ. ಅದನ್ನೂ ವರ್ಕ್‌ಶಾಪಿಗೇ ಬಿಡಿ. ಮೊದಲ ಸಲ ಈ ಕೆಲಸ ಮಾಡುವವರು ತಿಳಿದವರೊಬ್ಬರನ್ನು ಪಕ್ಕದಲ್ಲಿ ಇರಿಸಿಕೊಂಡೇ ಮಾಡಬೇಕು. ನಾವೂ ಹಾಗೆಯೇ ಕಲಿತದ್ದು.

ಒಂದು ಸಲಹೆ

ಸ್ಟ್ಯಾಂಡ್, ಸಿ-ಕ್ಲ್ಯಾಂಪ್‌ಗಳು ವರ್ಷಕ್ಕೆ ಎರಡು ದಿನ ಬೇಕಾಗುವ ವಸ್ತುಗಳು. ಪ್ರತಿಯೊಬ್ಬರೂ ಕೊಳ್ಳುವ ಬದಲು, ಸ್ಪ್ರೇಯರ್ ಬಾಡಿಗೆಗೆ ಕೊಡುವಂತೆ, ಪ್ರತಿ ಗ್ರಾಮದ ಸಂಘದಲ್ಲಿ ಒಂದು ಸೆಟ್ ಇಟ್ಟರೆ ಹತ್ತಾರು ಮನೆಗಳಿಗೆ ಸಾಕು. ಮುಂದಿನ ಸಭೆಯಲ್ಲಿ ಸದಸ್ಯರು ಈ ವಿಷಯ ಎತ್ತಬೇಕೆಂದು ಕೋರುತ್ತೇವೆ.

ಅಭ್ಯಾಸ

1. ಹೊರಗಿನ ಪ್ಯಾಡ್ ಚೆನ್ನಾಗಿದ್ದರೂ ಒಳಗಿನದನ್ನು ಏಕೆ ನೋಡಬೇಕು?
2. ಜಂಬಿಟ್ಟಿಗೆ ಕಲ್ಲಿನ ಮೇಲೆ ವಾಹನ ನಿಲ್ಲಿಸಬಾರದೇಕೆ?
3. ಚಕ್ರ ಹಾಕಿದ ಮೇಲೆ, ಎಂಜಿನ್ ಚಾಲೂ ಮಾಡುವ ಮುನ್ನ ಮಾಡಬೇಕಾದ್ದೇನು?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಶೆಡ್ಡಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಟ್ಟುಕೊಳ್ಳಿ.